ಆರು ಹನ್ನೆರಡರ ಗಾಡಿ

ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಜೇವರ್ಗಿಯ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೆಳಿಗ್ಗೆ ಆರು ಹನ್ನೆರಡಕ್ಕೆ ಹೊರಡುವ ರೈಲನ್ನು ಆರಿಸಿ ನಾನು ಗುಂಡಿ ಒತ್ತಿದ್ದು ಆಗ. ಕೆಟ್ಟದ್ದು ನಡೆದದ್ದು ಅದಾದ ಎರಡು ತಿಂಗಳಿಗೆ, ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ. ವಿಷಯ ಗೊತ್ತಿರುವವರೆಲ್ಲ ಆ ಸ್ಟೇಷನ್ನಿನಿಂದಲೇ ಮಾತು ಶುರು ಮಾಡುತ್ತಾರೆ. ನಾನು ಮಾತ್ರ ಈ ಮೇಜಿನಿಂದ ಶುರು ಮಾಡಬೇಕು.

ಹೊರಟವರು ಮೂವರು ಹೆಂಗಸರು. ಆಳಂದದಲ್ಲಿರುವ ನನ್ನ ಅಕ್ಕ, ಮಾದನಹಿಪ್ಪರಗಾದ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು, ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಎರಡನೆಯವಳು ನಾನು, ಅಫಜಲಪುರದ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತೇನೆ. ಮೂರನೆಯವಳು ಅಲ್ಲಿಯ ಗ್ರಂಥಪಾಲಕಿ, ನನ್ನ ಗೆಳತಿ, ಕರಜಗಿಯ ಮುಸ್ಲಿಂ ಮನೆಯ ಮಗಳು. ಅಕ್ಕನಿಗೆ ನಿವೃತ್ತಿಯಾದಾಗಿನಿಂದ ಒಂದೇ ಆಸೆ ಇತ್ತು. ಮೂವತ್ತು ವರ್ಷ ಭೂಪಟದ ಮೇಲೆ ಕೋಲಿಟ್ಟು ಮಕ್ಕಳಿಗೆ ತೋರಿಸಿದ ಊರುಗಳಲ್ಲಿ ನಾಲ್ಕನ್ನಾದರೂ ಕಣ್ಣಿಂದ ನೋಡಬೇಕು. ಟೂರ್ ಕಂಪನಿಯವರ ಜೊತೆ ಬೇಡ, ಅವರು ಕುರಿ ಹೊಡೆದುಕೊಂಡು ಹೋದ ಹಾಗೆ ಹೋಗುತ್ತಾರೆ, ನಾವೇ ಹೋಗೋಣ ಎಂದವಳು ನಾನು. ಪ್ಯಾರಿಸ್, ಸ್ವಿಟ್ಜರ್ಲೆಂಡ್, ವೆನಿಸ್, ರೋಮ್. ನಡುವೆ ಎಲ್ಲಾ ಕಡೆ ರೈಲು.

ಆ ರೈಲುಗಳನ್ನು ಕೂಡಿಸುವ ಕೆಲಸ ನನ್ನದಾಯಿತು. ನನಗದು ಖುಷಿಯ ಕೆಲಸವೂ ಆಗಿತ್ತು. ಮೂವರಿಗೂ ಪಾಸ್ ತೆಗೆದುಕೊಂಡಿದ್ದೆವು. ಆದರೆ ಇಟಲಿಯ ಕಡೆಗೆ ಹೋಗುವ ಗಾಡಿಗಳಲ್ಲಿ ಪಾಸಿನ ಜೊತೆ ಸೀಟನ್ನೂ ಮೊದಲೇ ಹಿಡಿಯಬೇಕು. ಸ್ವಿಟ್ಜರ್ಲೆಂಡಿನ ಬೆಟ್ಟದೂರಿನಿಂದ ವೆನಿಸ್ಸಿಗೆ ಹೋಗುವ ದಿನಕ್ಕೆ ಪರದೆಯ ಮೇಲೆ ಎರಡು ದಾರಿ ಬಂದವು. ಒಂದು ಬೆಳಿಗ್ಗೆ ಆರು ಹನ್ನೆರಡಕ್ಕೆ, ನಡುವೆ ಗಾಡಿ ಬದಲಿಸಲು ಎಂಟು ನಿಮಿಷ. ಇನ್ನೊಂದು ಒಂಬತ್ತು ಹನ್ನೆರಡಕ್ಕೆ, ಬದಲಿಸಲು ಅರ್ಧ ಗಂಟೆ. ಮೊದಲನೆಯದು ಮೂರು ಗಂಟೆ ಮುಂಚೆ ಮುಟ್ಟಿಸುತ್ತದೆ. ವೆನಿಸ್ಸಿನಲ್ಲಿ ಒಂದು ಇಡೀ ಮಧ್ಯಾಹ್ನ ನಮಗೆ ಉಳಿಯುತ್ತದೆ.

ಎಂಟು ನಿಮಿಷ ನನಗೆ ಬಹಳ ಅನ್ನಿಸಿತು. ಇಪ್ಪತ್ತು ವರ್ಷದಿಂದ ಜೇವರ್ಗಿ ಅಫಜಲಪುರ ಓಡಾಡಿದವಳು ನಾನು. ಒಂದು ಬಸ್ಸು ನಿಲ್ಲುವುದರೊಳಗೆ ಇಳಿದು, ಇನ್ನೊಂದರ ಕಿಟಕಿಯೊಳಗೆ ಕರ್ಚೀಫ್ ಎಸೆದು ಸೀಟು ಹಿಡಿದು, ಕೆಳಗೆ ಬಂದು ಚಹಾ ಕುಡಿದು ಮತ್ತೆ ಹತ್ತುವುದಕ್ಕೆ ಎಂಟು ನಿಮಿಷ ಸಾಕು. ತಡವಾದರೆ ಕೈ ಎತ್ತಿದರಾಯಿತು, ಕಂಡಕ್ಟರ್ ಸೀಟಿ ಹೊಡೆದು ನಿಲ್ಲಿಸುತ್ತಾನೆ. ಹೀಗೆ ಓಡಿ ಗೆದ್ದ ಬಸ್ಸುಗಳ ಸೊಕ್ಕು ನನ್ನಲ್ಲಿ ಬೇಕಾದಷ್ಟಿತ್ತು.

ಸೀಟು ಹಿಡಿಯುವ ಮೊದಲು ಗೆಳತಿಗೆ ಫೋನ್ ಮಾಡಿದೆ. ನಿಮ್ಮ ನಮಾಜಿನ ಹೊತ್ತಿಗೆ ಗಾಡಿ ಇದ್ದರೆ ತೊಂದರೆಯೇನು ಎಂದು ಕೇಳಿದೆ. ಪ್ರಯಾಣದಲ್ಲಿ ಎರಡು ಹೊತ್ತಿನದನ್ನು ಕೂಡಿಸಿ ಮಾಡಬಹುದು, ಅದರ ಚಿಂತೆ ಬಿಡ್ರಿ ಎಂದಳು. ಆದರೂ ಪ್ರತಿ ದಿನ ಮಧ್ಯಾಹ್ನ ಅವಳಿಗೆ ಒಂದಿಷ್ಟು ಸಮಯ ಸಿಗುವ ಹಾಗೆ ನೋಡಿದೆ. ಇನ್ನೊಬ್ಬರ ಮನೆಯವಳು, ಕೇಳಬೇಕು ಅನ್ನಿಸಿತ್ತು.

ಅಕ್ಕನನ್ನು ಕೇಳಲಿಲ್ಲ. ಅಕ್ಕ ನನ್ನವಳು, ಅವಳದ್ದೆಲ್ಲ ನನಗೆ ಗೊತ್ತು ಅಂದುಕೊಂಡಿದ್ದೆ. ಗೊತ್ತೂ ಇತ್ತು. ಅಕ್ಕ ಬೆಳಿಗ್ಗೆ ಎದ್ದು ಜಳಕ ಮಾಡಿ, ವಿಭೂತಿ ಧರಿಸಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸುವ ತನಕ ಬಾಯಿಗೆ ನೀರು ಸಹ ಹಾಕುವುದಿಲ್ಲ. ನಾನು ಹುಟ್ಟುವ ಮೊದಲಿನಿಂದಲೂ ಹಾಗೆಯೇ. ನಾನು ಕಾಲೇಜಿನ ಬಸ್ಸಿನ ಹಿಂದೆ ಬಿದ್ದು ಆ ರೂಢಿ ಯಾವಾಗಲೋ ಬಿಟ್ಟೆ. ಅವಳು ಬಿಟ್ಟಿಲ್ಲ. ಅವಳಿಗೆ ಹನ್ನೆರಡು ವರ್ಷದಿಂದ ಶುಗರ್ ಇದೆ ಎಂಬುದೂ ನನಗೆ ಗೊತ್ತಿತ್ತು. ಈ ಎರಡು ಸಂಗತಿಗಳನ್ನು ಆರು ಹನ್ನೆರಡರ ಪಕ್ಕದಲ್ಲಿಟ್ಟು ನೋಡಲು ಒಂದು ನಿಮಿಷ ಸಾಕಿತ್ತು.

ಆಮೇಲೆ ಗಾಡಿಗಳು ಹೊರಡುವ ದಿನ, ಹೊತ್ತುಗಳನ್ನೆಲ್ಲ ಕಾಗದದ ಮೇಲೆ ಪ್ರಿಂಟ್ ತೆಗೆದು ಆಳಂದಕ್ಕೆ ಒಯ್ದೆ. ಅಕ್ಕ ಕನ್ನಡಕ ಹಾಕಿಕೊಂಡು ಪರೀಕ್ಷೆಯ ಪೇಪರು ನೋಡಿದ ಹಾಗೆ ಸಾಲುಸಾಲಾಗಿ ಬೆರಳಿಟ್ಟು ನೋಡಿದಳು. ಒಂದು ಸಾಲಿನ ಮೇಲೆ ಬೆರಳು ನಿಂತಿತು.

“ಇದೊಂದ್ ದಿನ ಆರ ಗಂಟಿ ಗಾಡಿ ಅದಲ್ಲ. ಇದು ಬಿಟ್ರ ಬ್ಯಾರೆ ಇಲ್ಲೇನು?”

“ಇಲ್ಲಕ್ಕ. ಅದೊಂದೇ.”

“ಇಲ್ಲಂದ್ರ ಇಲ್ಲ ಬಿಡು,” ಎಂದು ಬೆರಳು ಮುಂದಕ್ಕೆ ಸರಿಸಿದಳು.

ಯಾಕೆ ಹಾಗೆ ಹೇಳಿದೆ? ಸೀಟು ಹಿಡಿದಾಗಿತ್ತು, ಬದಲಿಸಲು ಮತ್ತೆ ಕೂರಬೇಕಿತ್ತು. ಇಷ್ಟೇ ಕಾರಣ. ದೊಡ್ಡ ಕಾರಣವೇನಾದರೂ ಸಿಗುತ್ತದೋ ಎಂದು ಬಹಳ ಹುಡುಕಿದ್ದೇನೆ, ಸಿಕ್ಕಿಲ್ಲ.

ಪ್ಯಾರಿಸ್ಸಿನ ಮೂರು ದಿನ ಚೆನ್ನಾಗಿ ಹೋದವು. ಅಕ್ಕ ಐದಕ್ಕೇ ಎದ್ದು ಪೂಜೆ ಮುಗಿಸಿ, ನಾವು ಏಳುವ ಹೊತ್ತಿಗೆ ಇಲಕಲ್ ಸೀರೆಯ ಮೇಲೆ ನನ್ನ ಗಂಡನ ಸ್ವೆಟರ್ ಹಾಕಿಕೊಂಡು ತಯಾರಾಗಿರುತ್ತಿದ್ದಳು. ಗೆಳತಿ ಹೋಟೆಲಿನ ಚಹಾದ ಮೇಜಿನಿಂದ ಸಣ್ಣ ಸಣ್ಣ ಸಕ್ಕರೆ ಪೊಟ್ಟಣಗಳನ್ನು ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು. ಲೈಬ್ರರಿಯ ಪುಸ್ತಕ ಒಯ್ದು ತರದವರಿಗೆಲ್ಲ ಬೈಯುವವರು ನೀವೇ ಹೀಗೆ ಮಾಡಿದರೆ ಹೇಗೆ ಎಂದು ಅಕ್ಕ ಕಾಡಿದರೆ, “ಇವು ವಾಪಸ್ ಕೊಡೋ ಪುಸ್ತಕ ಅಲ್ರಿ ಅಕ್ಕಾರ” ಎಂದಿದ್ದಳು.

ಬೆಟ್ಟದೂರಿನಲ್ಲಿ ನಾವಿದ್ದದ್ದು ಒಂದು ಮನೆಯ ಮೇಲಂತಸ್ತಿನಲ್ಲಿ. ಬಚ್ಚಲ ಬಾಗಿಲಿಗೆ ಒಂದು ಸೂಚನೆ ಅಂಟಿಸಿದ್ದರು: ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಸ್ನಾನ ಮಾಡಬಾರದು, ನೀರಿನ ಸದ್ದಿಗೆ ಕೆಳಗಿನವರ ನಿದ್ದೆ ಕೆಡುತ್ತದೆ. ಹೊರಡುವ ಹಿಂದಿನ ಸಂಜೆ ಅಕ್ಕ ಅದನ್ನು ಎರಡು ಸಲ ಓದಿದಳು. ನಾನು, ಯಾರೂ ನೋಡುವುದಿಲ್ಲ, ನೀನು ಮೆಲ್ಲಗೆ ಮಾಡಿಕೋ ಎಂದೆ. ಶಾಲೆಯಲ್ಲಿ ಮೂವತ್ತು ವರ್ಷ ನಿಯಮ ಬರೆದು ಹಚ್ಚಿದವಳು ಅವಳು. ಬೇರೆಯವರು ಬರೆದು ಹಚ್ಚಿದ್ದನ್ನು ಮೀರುವವಳಲ್ಲ. ವೆನಿಸ್ಸಿಗೆ ಹೋಗಿಯೇ ಜಳಕ, ಪೂಜೆ ಎಂದಳು. ಎಷ್ಟು ಗಂಟೆಗೆ ಮುಟ್ಟುತ್ತೇವೆ ಎಂದು ಕೇಳಿದಳು.

ಹತ್ತರೊಳಗೆ ಎಂದೆ. ನಿಜವಾಗಿ ಮುಟ್ಟುವುದು ಒಂದು ಗಂಟೆಯ ಮೇಲೆ. ಒಂದು ಗಂಟೆ ಎಂದರೆ ಅಕ್ಕ ಮುಖ ನೋಡುತ್ತಾಳೆ, ಆಗ ಒಂಬತ್ತು ಹನ್ನೆರಡರ ಗಾಡಿಯ ಮಾತು ಹೊರಗೆ ಬರುತ್ತದೆ ಎಂಬ ಅಳುಕು. ಹಾಗೆ ಒಂದು ಸುಳ್ಳಿಗೆ ಇನ್ನೊಂದನ್ನು ಜೋಡಿಸಿದೆ. ಆ ರಾತ್ರಿ ಅವಳ ಊಟವೂ ಒಂದಿಷ್ಟು ಬ್ರೆಡ್ಡು, ಒಂದು ಸೇಬು ಅಷ್ಟೇ. ತತ್ತಿ ಹಾಕಿದ್ದಾರೋ ಏನೋ ಎಂಬ ಅನುಮಾನಕ್ಕೆ ಬೇರೆ ಏನನ್ನೂ ಮುಟ್ಟಲಿಲ್ಲ.

ಬೆಳಿಗ್ಗೆ ಗಾಡಿಯಲ್ಲಿ ಕೂತ ಸ್ವಲ್ಪ ಹೊತ್ತಿಗೆ, ಆರೂವರೆಗೆ, ನಾನೇ ಅವಳ ಚೀಲದಿಂದ ಗುಳಿಗೆಯ ಡಬ್ಬಿ ತೆಗೆದೆ. ಅಕ್ಕನ ಗಂಡ, ನನ್ನ ಮಾವ, ಕಲಬುರಗಿ ಸ್ಟೇಷನ್ನಿನಲ್ಲಿ ನನಗೆ ಒಪ್ಪಿಸಿದ್ದ ಒಂದೇ ಕೆಲಸ ಅದು. ಗುಳಿಗೆ ಒಂದು ದಿನವೂ ತಪ್ಪಬಾರದು. ಅಕ್ಕ, ಇನ್ನೂ ಏನೂ ತಿಂದಿಲ್ಲ, ಆಮೇಲೆ ನೋಡೋಣ ಎಂದಳು.

“ಹತ್ತಕ್ಕ ತಿಂತಿ ಅಲ್ಲ. ತಪ್ಪಿಸಿದ್ರ ಮಾವ ನನಗ ಬೈತಾರ, ನಿನಗಲ್ಲ. ನುಂಗು,” ಎಂದೆ.

ಗುಳಿಗೆ ಊಟವಲ್ಲ ಎಂದು ಅವಳ ಲೆಕ್ಕ. ನೀರಿಲ್ಲದೆ, ಒಣ ಬಾಯಲ್ಲೇ ನುಂಗಿದಳು. ನಾನು ಫೋನಿನಲ್ಲಿ ಮಾವನಿಗೆ ಗುಳಿಗೆ ಆಯಿತು ಎಂದು ಸಂದೇಶವನ್ನೂ ಕಳಿಸಿದೆ.

ಎಂಟು ಮೂವತ್ಮೂರಕ್ಕೆ ಆ ಸಣ್ಣ ಸ್ಟೇಷನ್ನಿನಲ್ಲಿ ಇಳಿದೆವು. ಎಂಟು ನಲವತ್ತೊಂದಕ್ಕೆ ಮುಂದಿನ ಗಾಡಿ, ಬೇರೆ ಪ್ಲಾಟ್‌ಫಾರ್ಮಿನಲ್ಲಿ. ಮೆಟ್ಟಿಲಿಳಿದು ಸುರಂಗದಲ್ಲಿ ನಡೆದು ಮತ್ತೆ ಮೆಟ್ಟಿಲು ಹತ್ತಬೇಕು. ನಾನು ಒಂದು ಕೈಯಲ್ಲಿ ಸೂಟ್‌ಕೇಸ್, ಇನ್ನೊಂದರಲ್ಲಿ ಅಕ್ಕನ ಕೈ ಹಿಡಿದಿದ್ದೆ. ಅವಳ ಅಂಗೈ ಒದ್ದೆಯಾಗಿತ್ತು. ಆ ಥಂಡಿಯಲ್ಲಿ ಯಾಕೆ ಬೆವರು ಎಂದು ಒಂದು ಕ್ಷಣ ಹೊಳೆಯಿತು, ಹೊಳೆದದ್ದನ್ನು ದಾಟಿಕೊಂಡು ನಡೆದೆ. ಮೆಟ್ಟಿಲ ಮೇಲೆ ಅವಳು ನಿಂತಳು.

“ಗಂಟಿ ಹೊಡೀತೇನು?” ಎಂದು ಕೇಳಿದಳು.

ಯಾವ ಗಂಟೆ ಎಂದು ನಾನು ಕೇಳಲಿಲ್ಲ. “ಆಮ್ಯಾಲ ಮಾತಾಡಕ್ಕ, ಇನ್ನ ನಾಕ ನಿಮಿಷ ಅದ, ನಡಿ,” ಎಂದು ಜಗ್ಗಿದೆ. ಹೌದು, ಜಗ್ಗಿದೆ. ಗೆಳತಿ ಹಿಂದಿನಿಂದ, ಅಕ್ಕಾರಿಗೆ ಏನೋ ಆಗಿದೆ, ಸ್ವಲ್ಪ ನಿಲ್ರಿ ಎಂದಳು. ಗಾಡಿ ಹತ್ತಿ ಕೂಡ್ರಿಸೋಣ ಎಂದೆ.

ಮೇಲೆ ಬಂದಾಗ ನಮ್ಮ ಗಾಡಿ ಇನ್ನೂ ಬಂದಿರಲಿಲ್ಲ. ನಮ್ಮ ಸೀಟು ಎಷ್ಟನೆಯ ಬೋಗಿಯಲ್ಲಿ ಎಂದು ನೋಡಲು ಅಕ್ಕನ ಕೈ ಬಿಟ್ಟು ಫೋನ್ ತೆಗೆದೆ. ಅಷ್ಟರಲ್ಲಿ ಅಲ್ಲಿ ನಿಲ್ಲದೆ ಹಾದುಹೋಗುವ ಒಂದು ಗೂಡ್ಸ್ ಗಾಡಿ ಅದೇ ಹಳಿಯ ಮೇಲೆ ಬರುತ್ತಿತ್ತು. ಸದ್ದು ನನಗೂ ಕೇಳಿತು. ತಲೆ ಎತ್ತಿದಾಗ ಅಕ್ಕ ಬಿಳಿಯ ಗೆರೆ ದಾಟಿ, ತರಗತಿಯ ಬಾಗಿಲ ಕಡೆ ನಡೆದ ಹಾಗೆ, ನೆಟ್ಟಗೆ ಹಳಿಯ ಕಡೆ ನಡೆಯುತ್ತಿದ್ದಳು. ನನಗೂ ಅವಳಿಗೂ ಆರೇಳು ಹೆಜ್ಜೆ. ನಾನು ಓಡಲಿಲ್ಲ. ಕೂಗಲೂ ಇಲ್ಲ. ಫೋನ್ ಹಿಡಿದ ಕೈ ಹಾಗೇ ಇತ್ತು. ಕೂಗಿದವಳು ಗೆಳತಿ. ಅಂಚಿನಲ್ಲಿ ಕಸ ಗುಡಿಸುತ್ತಿದ್ದ ಹಳದಿ ಜಾಕೀಟಿನ ಒಬ್ಬ ಹೆಂಗಸು ಪೊರಕೆ ಬಿಸಾಕಿ ಅಕ್ಕನ ತೋಳಿಗೆ ಕೈ ಹಾಕಿ ಹಿಂದಕ್ಕೆ ಎಳೆದಳು. ಇಬ್ಬರೂ ಕೆಳಗೆ ಬಿದ್ದರು. ಗೂಡ್ಸ್ ಗಾಡಿ ಹೋಗುತ್ತಲೇ ಇತ್ತು, ಅದರ ಗಾಳಿಗೆ ಅಕ್ಕನ ಸೆರಗು ಎದ್ದು ಆ ಹೆಂಗಸಿನ ಮುಖದ ಮೇಲೆ ಬಿತ್ತು.

ಓಡಿ ಹೋಗಿ ಪಕ್ಕದಲ್ಲಿ ಕೂತೆ. ಅಕ್ಕನ ಕಣ್ಣು ತೆರೆದಿತ್ತು, ನನ್ನ ಗುರುತು ಇರಲಿಲ್ಲ. ಗೆಳತಿ ಪರ್ಸಿನಿಂದ ಸಕ್ಕರೆ ಪೊಟ್ಟಣ ತೆಗೆದು ಹಲ್ಲಿನಿಂದ ಹರಿದಳು. ಅಕ್ಕ ಬಾಯಿ ಬಿಗಿ ಹಿಡಿದು ತಲೆ ಅಲ್ಲಾಡಿಸಿ, ಪೂಜಿ ಆಗಿಲ್ಲ, ಪೂಜಿ ಆಗಿಲ್ಲ ಎಂದು ಗೊಣಗುತ್ತಿದ್ದಳು. ಆಗ ನಾನು ಗೆಳತಿಯ ಮುಂಗೈ ಹಿಡಿದೆ. ಎರಡು ಸೆಕೆಂಡು ಇರಬಹುದು, ಮೂರು ಇರಬಹುದು. ಅಕ್ಕನ ಪೂಜೆಯನ್ನು ಇಡೀ ಬೆಳಿಗ್ಗೆ ಲೆಕ್ಕಕ್ಕೆ ಹಿಡಿಯದವಳಿಗೆ ಆ ಹೊತ್ತಿನಲ್ಲಿ ಅದರ ಮೇಲೆ ಭಕ್ತಿ ಬಂದುಬಿಟ್ಟಿತ್ತು.

“ಪಾಪ ಬಂದ್ರ ನನ್ನ ತಲಿ ಮ್ಯಾಲ ಬರಲಿ. ಕೈ ಬಿಡ್ರಿ,” ಎಂದಳು ಗೆಳತಿ. ನನ್ನ ಕೈ ಕೊಡವಿ, ಅಕ್ಕನ ದವಡೆಯ ಒಳಗೆ ಬೆರಳಿನಿಂದ ಸಕ್ಕರೆ ಹಚ್ಚಿ ತಿಕ್ಕಿದಳು. ಒಂದು ಪೊಟ್ಟಣ, ಎರಡು, ಆರು. ಕಸ ಗುಡಿಸುವ ಹೆಂಗಸು ಯಾರಿಗೋ ಫೋನ್ ಮಾಡಿ, ಆಂಬ್ಯುಲೆನ್ಸಿನವರು ಬಂದು ಬೆರಳು ಚುಚ್ಚಿ ನೋಡಿ, ಖಾಲಿ ಹೊಟ್ಟೆಯ ಗುಳಿಗೆಗೆ ಶುಗರ್ ತೀರಾ ಇಳಿದಿದೆ ಎಂದು ಸಿಹಿ ನೀರು ಕುಡಿಸುವ ಹೊತ್ತಿಗೆ ಅಕ್ಕನಿಗೆ ನನ್ನ ಮುಖ ತಿಳಿಯತೊಡಗಿತ್ತು. ಅವಳು ಮೊದಲು ಕೇಳಿದ್ದು, ಪೂಜೆ ಮಾಡದೆ ನಾನು ತಿಂದೆನಾ ಎಂದು.

“ನಾ ತಿನಿಸೀನ್ರಿ. ನೀವು ತಿಂದಿಲ್ಲ,” ಎಂದಳು ಗೆಳತಿ.

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಹೊಟ್ಟೆಗೆ ಹಾಕಿಸಿ, ಮತ್ತೊಮ್ಮೆ ಶುಗರ್ ನೋಡಿ ಅವರು ನಮ್ಮನ್ನು ಬಿಟ್ಟಾಗ ಹನ್ನೆರಡು ಗಂಟೆ ಹತ್ತಿರವಾಗಿತ್ತು. ನಮಗೆ ಸಿಕ್ಕಿದ್ದು ಹನ್ನೆರಡು ಐದರ ಗಾಡಿ. ಒಂಬತ್ತು ಹನ್ನೆರಡಕ್ಕೆ ಹೊರಟಿದ್ದರೆ ಹತ್ತಬೇಕಾಗಿದ್ದ ಗಾಡಿ ಅದೇ. ಅದರಲ್ಲಿ ಸೀಟುಗಳು ಬೇಕಾದಷ್ಟು ಖಾಲಿ ಇದ್ದವು.

ಆ ಗಾಡಿಯಲ್ಲಿ ಅಕ್ಕ, ಏನಾಯಿತು ಹೇಳು ಎಂದಳು. ಮೆಟ್ಟಿಲು ಹತ್ತಿದ್ದರ ಮುಂದಿನದೇನೂ, ಗೆಳತಿಯ ಮಾತಿಗೆ ನಕ್ಕದ್ದು ಸಹ, ಅವಳಿಗೆ ನೆನಪಿರಲಿಲ್ಲ. ನೀನು ತಲೆ ತಿರುಗಿ ಕೂತೆ, ನಾವು ಸಕ್ಕರೆ ಹಾಕಿದೆವು ಎಂದೆ. ಹಳಿಯ ಮಾತು ಎತ್ತಲಿಲ್ಲ. ಗೆಳತಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಊರಿಗೆ ಬಂದ ಮೇಲೆ ಅಕ್ಕನನ್ನು ನೋಡಲು ಬಂದವರಿಗೆಲ್ಲ ಅವಳು ಈ ಕತೆ ಹೇಳತೊಡಗಿದಳು. ನೆನಪಿಲ್ಲದ ಜಾಗದಲ್ಲಿ ನನ್ನನ್ನು ಕೂಡಿಸಿದ್ದಳು. ತಂಗಿ ನನ್ನ ಬೆವರು ನೋಡಿಯೇ ಹಿಡಿದಳು, ತಂಗಿ ಬಾಯಿಗೆ ಸಕ್ಕರೆ ಹಾಕಿದಳು, ತಂಗಿ ಕಲಿತವಳು, ಅದಕ್ಕೇ ಜೀವ ಉಳಿಯಿತು. ಒಂದು ದಿನ ಗೆಳತಿಯೂ ನಾನೂ ಆಳಂದಕ್ಕೆ ಹೋಗಿದ್ದಾಗ ಪಕ್ಕದ ಮನೆಯವರ ಮುಂದೆ ಅದನ್ನೇ ಹೇಳುತ್ತ, ನಡುವೆ ಗೆಳತಿಯ ಕಡೆ ತಿರುಗಿದಳು.

“ನೀವೂ ಅಲ್ಲೇ ಇದ್ರಿ ಅಲ್ರಿ?”

“ಇದ್ದೆರಿ,” ಎಂದಳು ಗೆಳತಿ. ಅಷ್ಟೇ ಹೇಳಿ ಚಹಾ ಕುಡಿದಳು.

ಆ ಒಂದು ಮಾತು ನನ್ನನ್ನು ಸುಟ್ಟಿತು. ನಿದ್ದೆ ಅಂತೂ ಮೊದಲೇ ಹೋಗಿತ್ತು. ಕಣ್ಣು ಮುಚ್ಚಿದರೆ ಆರೇಳು ಹೆಜ್ಜೆ ಅಂತರದಲ್ಲಿ ಅಕ್ಕನ ಬೆನ್ನು. ಹಗಲಲ್ಲೂ ಪಾಠದ ನಡುವೆ ಕಿಟಕಿಯಾಚೆ ಲಾರಿ ಹೋದರೆ ಸಾಕು, ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತುಬಿಡುತ್ತಿದ್ದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅತ್ತೆ, ಪರದೇಶದಲ್ಲಿ ಏನೋ ಕಂಡು ಹೆದರಿದ್ದಾಳೆ ಎಂದು ಘತ್ತರಗಿಗೆ ಕರೆದೊಯ್ದು ಅಲ್ಲಿಯ ದೇವಿ ಭಾಗ್ಯವಂತಿಗೆ ಉಡಿ ತುಂಬಿಸಿದರು. ನಾನು ಕೈ ಮುಗಿದು ನಿಂತೆ, ಏನು ಬೇಡಬೇಕೆಂದು ತಿಳಿಯಲಿಲ್ಲ. ಅಕ್ಕ ಬದುಕಿದ್ದಾಳೆ, ಬೇಡುವುದು ಏನು ಉಳಿದಿದೆ?

ಗೆಳತಿಗೆ ಲೈಬ್ರರಿಯಲ್ಲಿ ನಿದ್ದೆಯ ವಿಷಯ ಹೇಳಿದೆ. ಅವಳು ವಾಪಸ್ ಬಂದ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದಳು. ತನಗೆ ಹೊಗಳಿಕೆ ಬೇಕಿಲ್ಲ ಎಂದಳು. ಅಕ್ಕ ತನ್ನನ್ನು ಮರೆತದ್ದಕ್ಕೆ ಬೇಸರವೂ ಇಲ್ಲ, ಅವರಿಗೆ ಗೊತ್ತಿಲ್ಲವಲ್ಲ ಎಂದಳು. ಸ್ವಲ್ಪ ಹೊತ್ತು ಮುದ್ರೆ ಒತ್ತಿ, “ಆದರ ಅವರು ನಾಳೆ ಮತ್ತ ಎಲ್ಲೆರ ಹೋಗತಾರ. ನಿಮ್ಮ ಮ್ಯಾಲ ಭರೋಸಾ ಇಟ್ಟೇ ಹೋಗತಾರ. ಅದನ್ನ ವಿಚಾರ ಮಾಡ್ರಿ,” ಎಂದಳು.

ಎರಡು ದಿನ ಬಿಟ್ಟು, ಶನಿವಾರ ಮಧ್ಯಾಹ್ನ ಆಳಂದಕ್ಕೆ ಹೋದೆ. ಅಕ್ಕ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಕ್ರಮವಾಗಿ ಹೇಳಿದೆ. ಒಂಬತ್ತು ಹನ್ನೆರಡರ ಗಾಡಿ ಇತ್ತು ಎಂಬಲ್ಲಿಂದ ಶುರು ಮಾಡಿ, ಹತ್ತಕ್ಕೆ ಮುಟ್ಟುತ್ತೇವೆ ಎಂದದ್ದು, ಬೆವರಿದ ಕೈ ಜಗ್ಗಿದ್ದು, ಹಳಿ, ಹಳದಿ ಜಾಕೀಟಿನ ಹೆಂಗಸು, ನಾನು ನಿಂತಲ್ಲೇ ನಿಂತದ್ದು, ಗೆಳತಿಯ ಕೈ ಹಿಡಿದದ್ದು. ಹೇಳುವಾಗ ಅಳಬಾರದು ಎಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ, ಅಳಲಿಲ್ಲ. ಅಕ್ಕನ ಬೆರಳು ಬೇಳೆಯಲ್ಲಿ ಆಡುತ್ತಲೇ ಇತ್ತು. ಹಳಿಯ ಮಾತಿಗೆ ನಿಂತಿತು.

ನಾನು, ನಿನ್ನ ಪೂಜೆ ತಪ್ಪಿಸಿದೆ ಎಂದೆ.

“ಪೂಜಿ ಮಾತ ಬಿಡು. ಅವತ್ತ ಸಂಜಿಗಿ ಮಾಡೀನಿ, ಅವ ಏನೂ ಅಂದಿಲ್ಲ,” ಎಂದಳು. “ನಾ ಬಾಯಿ ಬಿಟ್ಟು ಕೇಳಿದ್ದೆ ನಿನಗ. ಎರಡ ಸಲ ಕೇಳೀನಿ. ಒಂದಕ್ಕ ಮುಟ್ಟತೀವಿ ಅಂದಿದ್ರ ನಾ ಆ ಗುಳಿಗಿ ನುಂಗತಿದ್ದಿಲ್ಲ. ಹತ್ತಂದಿ, ಅದಕ್ಕ ನುಂಗಿದೆ. ನಿನ್ನ ಮಾತ ನಂಬಿ ನುಂಗಿದೆ ಬೇ.”

ಅಷ್ಟು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಪಡಸಾಲೆಯಲ್ಲೇ ಕೂತೆ. ಹೊರಟುಬಿಡಬಹುದಿತ್ತು, ಬಸ್ಸುಗಳಿದ್ದವು. ಮಾವ ಹೊರಗಿನಿಂದ ಬಂದು, ಯಾಕ ಹಿಂಗ ಕುಂತಿ ಎಂದರು, ಒಳಗೆ ಹೋದರು, ಹೊರಗೆ ಬಂದಾಗ ನನ್ನ ಮುಖ ನೋಡಲಿಲ್ಲ. ಅವರಿಗೂ ಹೇಳಿದ್ದಳು.

ಸಂಜೆ ಪಕ್ಕದ ಮನೆಯವರು ಬಂದರು. ಅವರ ಮಗನಿಗೆ ಹೆಣ್ಣು ನೋಡಿ ಬಂದ ಸುದ್ದಿ ಹೇಳಲು ಬಂದಿದ್ದರು. ನನ್ನನ್ನು ನೋಡಿ, ಅಕ್ಕನ ಜೀವ ಉಳಿಸಿದಾಕಿ ಬಂದಾಳ ನೋಡ್ರಿ ಎಂದರು. ಅಕ್ಕ ಚಹಾದ ಬಟ್ಟಲು ಅವರ ಕೈಗೆ ಕೊಟ್ಟು ಎದುರಿಗೆ ಕೂತಳು. ತಪ್ಪು ಉತ್ತರ ಬರೆದ ಹುಡುಗಿಯನ್ನು ಹಲಗೆಯ ಹತ್ತಿರ ನಿಲ್ಲಿಸಿ ತಿದ್ದುವಾಗಿನ ಧ್ವನಿ ಅವಳದು.

“ನಾ ಮೊದಲ ಹೇಳಿದ್ದು ತಪ್ಪದರಿ. ಉಳಿಸಿದಾಕಿ ಇಕಿ ಅಲ್ಲ. ಒಬ್ಬಾಕಿ ಅಲ್ಲಿ ಕಸಾ ಹೊಡೆಯಾಕಿ, ಇನ್ನೊಬ್ಬಾಕಿ ಅಫಜಲಪುರದಾಕಿ, ಅವತ್ತ ಇಲ್ಲಿ ನಿಮ್ಮ ಬಾಜೂಕ ಕುಂತಿದ್ದಳಲ್ಲ, ಅಕಿ. ಇಕಿ ನಿಂತು ನೋಡಿದಳಂತ.”

ಪಕ್ಕದ ಮನೆಯವರು ಬಟ್ಟಲು ಹಿಡಿದು ನನ್ನ ಕಡೆ ನೋಡಿದರು. “ಹೌದ್ರಿ,” ಎಂದೆ. ಕಿವಿಯ ತನಕ ಬಿಸಿಯಾಯಿತು. ಅವರು ಚಹಾ ಕುಡಿದು ಬೇಗನೆ ಎದ್ದು ಹೋದರು. ಅಕ್ಕ ಆಮೇಲೆ ಗೆಳತಿಗೆ ಫೋನ್ ಮಾಡಿ ಬಾಗಿಲು ಹಾಕಿಕೊಂಡು ಮಾತಾಡಿದಳು. ಏನು ಮಾತಾಡಿದಳೆಂದು ಇಬ್ಬರೂ ನನಗೆ ಇವತ್ತಿಗೂ ಹೇಳಿಲ್ಲ.

ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಉಣ್ಣು ಎಂದಳು. ಹಾಸಿಗೆಯನ್ನು ತನ್ನ ಕೋಣೆಯಲ್ಲಿ ಹಾಸಲಿಲ್ಲ, ಪಡಸಾಲೆಯಲ್ಲಿ ಹಾಸಿ, ಹೊದಿಕೆ ಕಾಲ ಹತ್ತಿರ ಇಟ್ಟು ಹೋದಳು. ಸಿಟ್ಟು ಇಳಿದಿರಲಿಲ್ಲ. ಇಳಿಯಲು ಎಷ್ಟು ದಿನ ಬೇಕೋ ಅಷ್ಟು ದಿನ ನಾನು ಬರುತ್ತಿರಬೇಕು ಎಂದುಕೊಂಡು ಮಲಗಿದೆ. ಇಷ್ಟೇ ಯೋಚಿಸಿದ ನೆನಪು. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿತ್ತು, ಎಂಟು ಗಂಟೆಯಾಗಿತ್ತು, ಮಾವ ನನ್ನ ಕಾಲು ದಾಟಿಕೊಂಡು ಹಾಲಿನ ಪಾತ್ರೆ ಒಳಗೊಯ್ಯುತ್ತಿದ್ದರು. ಭಾನುವಾರ ಅದು. ಊರಿಗೆ ಬಂದ ಮೇಲೆ ನಡುವೆ ಒಮ್ಮೆಯೂ ಎಚ್ಚರವಾಗದೆ ನಾನು ಮಲಗಿದ್ದು ಅದೇ ಮೊದಲು.